ಪೂರಿಯಂತೆ ಉಬ್ಬಿದ ಕೆಪಾಸಿಟರ್‌ಗಳು

ಚಿಕ್ಕವನಿದ್ದಾಗ ಮನೆಯ ಪಿಸಿ ಸತ್ತಿತ್ತು. "ಗೇಮ್ ಆಡಿ ಆಡಿ ಕೆಡಿಸಿದೆ" ಅಂತ ಅಪ್ಪ ಬೈದಿದ್ರು. ಮೊನ್ನೆ ಅದನ್ನ ಅಟ್ಟದಿಂದ ಇಳಿಸಿ ಬಿಚ್ಚಿದೆ. ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳೆಲ್ಲ ಪೂರಿ ಥರ ಉಬ್ಬಿವೆ!

1999ರಿಂದ 2007ರ ತನಕ ಜಗತ್ತಿನ ಎಷ್ಟೋ ಮದರ್‌ಬೋರ್ಡ್‌ಗಳ ಕಥೆ ಇದೇ. ಜಪಾನಿನಿಂದ ಕದ್ದ ಅರೆಬರೆ ಫಾರ್ಮುಲಾದಲ್ಲಿ ತೈವಾನಿನವರು ಎಲೆಕ್ಟ್ರೋಲೈಟ್ ಮಾಡಿದ್ರು ಅನ್ನೋ ಸುದ್ದಿ 2002ರಲ್ಲಿ ಹಬ್ಬಿತು. ಕಳ್ಳತನದ ಮಾತು ಬಿಡಿ, ಅದರಲ್ಲಿದ್ದ ನೀರು ಅಲ್ಯೂಮಿನಿಯಂ ಜೊತೆ ಸೇರಿ ಹೈಡ್ರೋಜನ್ ಹುಟ್ಟಿಸ್ತಿತ್ತು. ಡಬ್ಬಿ ಉಬ್ಬದೆ ಇನ್ನೇನಾಗುತ್ತೆ?

ತಮಾಷೆ ಅಂದ್ರೆ, ಡೆಲ್ ಆಪ್ಟಿಪ್ಲೆಕ್ಸ್ ಜಿಎಕ್ಸ್270ರಲ್ಲಿ ಕೈಕೊಟ್ಟಿದ್ದು ಜಪಾನಿನದೇ ನಿಚಿಕಾನ್! 2005ರಲ್ಲಿ ಡೆಲ್ ಇದಕ್ಕೆ 30 ಕೋಟಿ ಡಾಲರ್ ತೆಗೆದಿಡಬೇಕಾಯ್ತು.

ಜೊತೆಗೆ ಬಿಸಿ. 10 ಡಿಗ್ರಿ ಏರಿದ್ರೆ ಕೆಪಾಸಿಟರ್ ಆಯಸ್ಸು ಹೆಚ್ಚುಕಮ್ಮಿ ಅರ್ಧ. ನಮ್ಮ ಪಿಸಿಯ ಫ್ಯಾನಿಗೆ ಧೂಳಿನ ಕಂಬಳಿಯೇ ಹೊದ್ದಿತ್ತು, ಅದು ನಂದೇ ತಪ್ಪು.

ಅಪ್ಪಂಗೆ ಬೋರ್ಡ್ ತೋರಿಸಿದೆ. "ಅಂದ್ರೂ ಜಾಸ್ತಿನೇ ಆಡ್ತಿದ್ದೆ ಬಿಡು" ಅಂದ್ರು.