ಯುರೋಪಿನ ಸರ್ಕಸ್ಸು: ವಿದ್ಯೆಯೂ ವಿದ್ಯಾರ್ಥಿಯೂ

ಯುರೋಪಿನ ಸರ್ಕಸ್ಸು ಹುಟ್ಟಿದುದು ಪಾಠಶಾಲೆಯಾಗಿ. ಅಶ್ವದಳದ ಸೇವೆಯಿಂದ ಹೊರಬಂದ ಫಿಲಿಪ್ ಆಸ್ಟ್ಲಿ 1768ರಲ್ಲಿ, ಲಂಡನ್ನಿನ ಥೇಮ್ಸ್ ನದಿಯ ದಕ್ಷಿಣ ತೀರದ ಬಯಲೊಂದರಲ್ಲಿ, ಮುಂಜಾನೆ ಸವಾರಿಯನ್ನು ಕಲಿಸಿ ಅಪರಾಹ್ನ ಅದೇ ವಿದ್ಯೆಯನ್ನು ಕಾಸು ಕೊಟ್ಟವರಿಗೆ ತೋರಿಸತೊಡಗಿದನು. ವರ್ತುಲಾಕಾರದಲ್ಲಿ ಓಡುವ ಕುದುರೆಯ ಬೆನ್ನ ಮೇಲೆ ನಿಂತವನು ತುಸು ಒಳಮುಖವಾಗಿ ಬಾಗಿದರೆ ಕೇಂದ್ರಾಪಗಾಮಿ ಬಲವೇ ಅವನನ್ನು ಹಿಡಿದು ನಿಲ್ಲಿಸುವುದು; ಈ ಲೆಕ್ಕಕ್ಕೆ ಒಗ್ಗಿದ 42 ಅಡಿ ವ್ಯಾಸದ ಅಂಗಣವು ಕಾಲಕ್ರಮದಲ್ಲಿ ಖಂಡಕ್ಕೆಲ್ಲ ರೂಢಿಯಾದುದರಿಂದ, ಲಂಡನ್ನಿನಲ್ಲಿ ಕಲಿತವನಿಗೆ ಪ್ಯಾರಿಸ್ಸಿನ ಅಂಗಣವು ಪರಕೀಯವೆನಿಸುತ್ತಿರಲಿಲ್ಲ.

ಆದರೆ ಕಲಿಯುವವರು ಯಾರು? ಬಹುಮಟ್ಟಿಗೆ ಮಕ್ಕಳು, ಅದರಲ್ಲಿಯೂ ಸ್ವಂತ ಮಕ್ಕಳು. ಫ್ಲಾಂಡರ್ಸಿನಿಂದ ಬಂದ ಜಟ್ಟಿಯೊಬ್ಬನ ಮಗನಾದ ಆಂಡ್ರ್ಯೂ ಡ್ಯೂಕ್ರೋ ಎಳೆಯ ವಯಸ್ಸಿನಿಂದಲೇ ತಂದೆಯ ಕಟ್ಟುನಿಟ್ಟಿನ ಶಿಕ್ಷಣದಲ್ಲಿ ಬೆಳೆದು ತನ್ನ ಕಾಲದ ಅಗ್ರಗಣ್ಯ ಸವಾರನಾದನು. ರಂಗಭೂಮಿಗೆ ಸೇರಿದವನಾದರೂ ಸರ್ಕಸ್ಸಿನ ವಿದೂಷಕರೆಲ್ಲ ತಮ್ಮ ಕುಲಪುರುಷನೆಂದು ಭಾವಿಸುವ ಜೋಸೆಫ್ ಗ್ರಿಮಾಲ್ಡಿ ಮೂರು ವರ್ಷ ತುಂಬುವ ಮೊದಲೇ ವೇದಿಕೆಯನ್ನೇರಿ, ಕ್ರೂರಿಯೆಂದೇ ಹೆಸರಾದ ತಂದೆಯನ್ನು ಒಂಬತ್ತರ ಪ್ರಾಯದಲ್ಲಿ ಕಳೆದುಕೊಂಡು, ನಲವತ್ತೈದು ತುಂಬುವುದರೊಳಗೆ ಕೀಲುಗಳು ಸವೆದು ರಂಗದಿಂದ ಹಿಂದೆ ಸರಿಯಬೇಕಾಯಿತು. ಅಂಥ ಬಾಲ್ಯಕ್ಕೆ ತೆತ್ತ ಬೆಲೆಯನ್ನು ಆ ಕಾಲದ ಪ್ರೇಕ್ಷಕರು ಕಾಣಲಿಲ್ಲ. ಕಂಡಿದ್ದರೂ ಚಪ್ಪಾಳೆ ನಿಲ್ಲುತ್ತಿತ್ತೆಂದು ನನಗೆ ತೋರದು.

ಮನೆತನವಿಲ್ಲದವನಿಗೆ ಕರಾರಿನ ಶಿಷ್ಯವೃತ್ತಿಯೊಂದೇ ದಾರಿ. ನಾರ್ವಿಚ್ಚಿನ ಕಪ್ಪುವರ್ಣದ ಬಾಲಕ ವಿಲಿಯಂ ಡಾರ್ಬಿ ವಿಲಿಯಂ ಬ್ಯಾಟಿಯೆಂಬ ಯಜಮಾನನ ಬಳಿ ಈ ರೀತಿ ಕಲಿತು, ಪಾಬ್ಲೋ ಫಾಂಕ್ ಎಂಬ ಹೆಸರಿನಿಂದ ಸ್ವಂತ ಸರ್ಕಸ್ಸಿನ ಒಡೆಯನಾದನು. ಶಿಷ್ಯರು ಗುರುವಿನ ಕುಲನಾಮವನ್ನೇ ಧರಿಸುವುದು ವಾಡಿಕೆಯಾದುದರಿಂದ, ಜಾಹೀರಾತುಗಳ ಎಷ್ಟೋ 'ಸಹೋದರರು' ಒಂದೇ ತಾಯಿಯ ಮಕ್ಕಳಾಗಿರಲಿಲ್ಲ.

ಈ ಕಟ್ಟಿಗೆ ಹೊರಗಿನಿಂದ ಬಂದವನು ಝೂಲ್ ಲೆಯೋತಾರ್. ತುಲೂಸಿನಲ್ಲಿ ಗರಡಿಮನೆಯನ್ನು ನಡೆಸುತ್ತಿದ್ದವನ ಮಗನಾದ ಈತ, ನ್ಯಾಯಶಾಸ್ತ್ರದ ಓದನ್ನು ಬದಿಗಿಟ್ಟು, ತಂದೆಯ ಈಜುಕೊಳದ ಮೇಲೆ ತೊಲೆಗಳನ್ನು ತೂಗುಹಾಕಿ, ಬಿದ್ದರೆ ನೀರಿಗೇ ಬೀಳುವಂತೆ ಅಭ್ಯಾಸ ಮಾಡಿ, 1859ರ ನವೆಂಬರ್ 12ರಂದು ಪ್ಯಾರಿಸ್ಸಿನಲ್ಲಿ ಒಂದು ಟ್ರಪೀಜಿನಿಂದ ಇನ್ನೊಂದಕ್ಕೆ ಹಾರಿದನು. ಕುದುರೆಯ ಪ್ರಭುತ್ವ ಸಡಿಲತೊಡಗಿದುದು ಆಗಲೇ ಎನ್ನಬಹುದು.

ಕಾನೂನು ತಡವಾಗಿ ಬಂದಿತು, ಅರೆಮನಸ್ಸಿನಿಂದ ಬಂದಿತು. ಫ್ರಾನ್ಸಿನ 1874ರ ಶಾಸನವು ಹದಿನಾರು ತುಂಬದ ಪರರ ಮಕ್ಕಳನ್ನು ದೊಂಬರಾಟದವರು ದುಡಿಸಬಾರದೆಂದರೂ, ವೃತ್ತಿಯಲ್ಲಿದ್ದ ತಂದೆತಾಯಿಗಳು ತಮ್ಮ ಮಕ್ಕಳನ್ನು ಹನ್ನೆರಡರಿಂದಲೇ ಆಡಿಸಲು ಬಿಟ್ಟಿತು. ಇಂಗ್ಲೆಂಡಿನ 1879ರ ಶಾಸನವು ಹದಿನಾಲ್ಕರೊಳಗಿನವರ ಅಪಾಯಕರ ಬಹಿರಂಗ ಪ್ರದರ್ಶನವನ್ನು ನಿಷೇಧಿಸಿತೇ ಹೊರತು, ಗುಡಾರದ ಹಿಂದಿನ ಅಭ್ಯಾಸವನ್ನಲ್ಲ. ಹೀಗಾಗಿ ಪೆಟ್ಟು ಬಿದ್ದುದು ಪರರ ಮಕ್ಕಳನ್ನು ನಂಬಿದ ಯಜಮಾನನಿಗೆ. ಕುಟುಂಬದ ಏಕಸ್ವಾಮ್ಯವು ಮತ್ತಷ್ಟು ಬಲಿಯಿತು. ಇಟಲಿಯ ಸರ್ಕಸ್ ದಂಪತಿಗಳ ಮಗನಾಗಿ 1896ರಲ್ಲಿ ರಷ್ಯದ ಸಮಾರಾ ನಗರದಲ್ಲಿ ಹುಟ್ಟಿ, ಹತ್ತು ಚೆಂಡುಗಳನ್ನು ಒಟ್ಟಿಗೆ ಗಾಳಿಯಲ್ಲಿ ಆಡಿಸಿದ ಎನ್ರಿಕೋ ರಾಸ್ತೆಲ್ಲಿ ಆ ವ್ಯವಸ್ಥೆಯ ಪರಮ ಫಲ.

ಅದನ್ನು ಮುರಿದುದು ರಷ್ಯ. 1919ರಲ್ಲಿ ಸರ್ಕಸ್ಸುಗಳನ್ನು ರಾಷ್ಟ್ರೀಕರಿಸಿದ ಸೋವಿಯೆತ್ ಸರಕಾರ 1927ರಲ್ಲಿ ಮಾಸ್ಕೋದಲ್ಲಿ ಶಾಲೆಯನ್ನು ತೆರೆದುದರಿಂದಲೇ, ಮುದ್ರಣಾಲಯದಲ್ಲಿ ಕೆಲಸ ಕಲಿಯುತ್ತಿದ್ದ ಓಲೆಗ್ ಪಪೋವ್‌ನಂಥ ಹುಡುಗನಿಗೆ ಸರ್ಕಸ್ಸಿನ ಬಾಗಿಲು ತೆರೆಯಿತು. ಪಶ್ಚಿಮ ಯುರೋಪು ಇದನ್ನು ಅನುಸರಿಸಲು ಅರ್ಧ ಶತಮಾನ ಬೇಕಾಯಿತು. 1974ರಲ್ಲಿ ಪ್ಯಾರಿಸ್ಸಿನಲ್ಲಿ ವಿದೂಷಕರ ಮನೆತನದ ಆನಿ ಫ್ರಾತೆಲ್ಲಿನಿ ತನ್ನ ಪತಿ ಪಿಯೇರ್ ಎತೇ ಅವರೊಡನೆ ಒಂದು ಶಾಲೆಯನ್ನೂ, ಅದೇ ವರ್ಷ ಅಶ್ವವಿದ್ಯೆಯ ಮನೆತನದ ಅಲೆಕ್ಸಿ ಗ್ರೂಸ್ ನಟಿ ಸಿಲ್ವಿಯಾ ಮೋಂಫೋರ್ ಅವರೊಡನೆ ಇನ್ನೊಂದನ್ನೂ ಆರಂಭಿಸಿದರು. ಮನೆಯ ವಿದ್ಯೆಯನ್ನು ಊರವರ ಮಕ್ಕಳಿಗೆ ಬಿಟ್ಟುಕೊಟ್ಟ ಆ ಗ್ರೂಸ್ ಅವರ ಸ್ವಂತ ಮಕ್ಕಳು ಮಾತ್ರ ಕುದುರೆಯ ಪಾಠವನ್ನು ತಂದೆಯ ಅಂಗಣದಲ್ಲಿಯೇ ಕಲಿತರು.