ಕಾಫಿ, ತಂಬಾಕು ಮತ್ತು ಮೇದೋಜೀರಕಾಂಗದ ಕ್ಯಾನ್ಸರ್: 1981ರ ಒಂದು ವಾದದ ಇತಿಹಾಸ

ಮನುಷ್ಯನ ನಿತ್ಯದ ಅಭ್ಯಾಸಗಳಿಗೂ ಅವನಿಗೆ ಬರುವ ರೋಗಗಳಿಗೂ ಸಂಬಂಧವುಂಟೆಂಬ ನಂಬಿಕೆ ಬಹು ಹಳೆಯದು. ಆಹಾರವಿಹಾರಗಳ ಮಾತೇ ಬಾರದ ವೈದ್ಯಗ್ರಂಥ ನಮ್ಮಲ್ಲಿ ವಿರಳ. ಆದರೆ ಇಂಥ ಅಭ್ಯಾಸದಿಂದ ಇಂಥ ರೋಗದ ಸಂಭವ ಇಷ್ಟು ಪಟ್ಟು ಹೆಚ್ಚುತ್ತದೆಂದು ಎಣಿಸಿ ಹೇಳುವ ಶಾಸ್ತ್ರ ಈಚಿನದು. ಅದರ ವಯಸ್ಸು ಸುಮಾರು ನೂರು ವರ್ಷ. ಈ ಶಾಸ್ತ್ರವು ತನ್ನ ಪ್ರೌಢಾವಸ್ಥೆಯಲ್ಲಿಯೇ ಒಮ್ಮೆ ಎಡವಿದ ಬಗೆಯನ್ನೂ ಬಳಿಕ ಅದನ್ನು ತಿದ್ದಿಕೊಂಡ ಬಗೆಯನ್ನೂ ಈ ಲೇಖನದಲ್ಲಿ ಪರಿಶೀಲಿಸಬೇಕೆಂದಿದ್ದೇವೆ.

ವಾದಕ್ಕೆ ವಿಷಯವಾದ ರೋಗದ ಸ್ವರೂಪವನ್ನು ಮೊದಲು ಸಂಕ್ಷೇಪವಾಗಿ ಹೇಳುವುದು ಅಗತ್ಯ. ಮೇದೋಜೀರಕಾಂಗವು ಜಠರದ ಹಿಂದೆ, ಬೆನ್ನೆಲುಬಿಗೆ ಸಮೀಪವಾಗಿ ಅಡಗಿರುವ ಅಂಗ. ಜೀರ್ಣರಸವನ್ನೂ ಇನ್ಸುಲಿನನ್ನೂ ಒದಗಿಸುವುದು ಅದರ ಕೆಲಸ. ಅದರಲ್ಲಿ ಗಂತಿ ಬೆಳೆದರೆ ಹೊರಗಿನಿಂದ ಕೈಗೆ ಸಿಗುವುದಿಲ್ಲ. ಕಾಮಾಲೆ, ಬೆನ್ನುನೋವು, ದೇಹಕ್ಷಯಗಳು ಕಾಣಿಸಿಕೊಳ್ಳುವ ವೇಳೆಗೆ ರೋಗವು ಬಹುಮಟ್ಟಿಗೆ ಹರಡಿರುತ್ತದೆ. ಇಟಲಿಯ ಮೊರ್ಗಾಗ್ನಿ 1761ರಲ್ಲಿ ಪ್ರಕಟಿಸಿದ ಶವಪರೀಕ್ಷೆಗಳ ವಿವರಣೆಯಲ್ಲಿಯೇ ಈ ರೋಗದ ಸುಳಿವುಂಟು. ಸೂಕ್ಷ್ಮದರ್ಶಕದ ಮೂಲಕ ಅದನ್ನು ಖಚಿತಪಡಿಸಿದ ಕೀರ್ತಿ 1858ರಲ್ಲಿ ಅಮೆರಿಕದ ಡ ಕೋಸ್ಟಾಗೆ ಸಲ್ಲುತ್ತದೆ. ವಿಪ್ಪಲ್ ತನ್ನ ಹೆಸರಿನ ಪ್ರಸಿದ್ಧ ಶಸ್ತ್ರಕ್ರಿಯೆಯನ್ನು ವರ್ಣಿಸಿದ್ದು 1935ರಲ್ಲಿ. ಇಷ್ಟೆಲ್ಲ ಸಾಧನೆಯ ನಂತರವೂ, ಅಮೆರಿಕದಂಥ ಸಂಪನ್ನ ದೇಶದಲ್ಲಿಯೇ, ಈ ರೋಗ ನಿಶ್ಚಯವಾದ ಮೇಲೆ ಐದು ವರ್ಷ ಬದುಕುವವರು ನೂರಕ್ಕೆ ಸುಮಾರು 13 ಮಂದಿ ಮಾತ್ರ. ಚಿಕಿತ್ಸೆ ಇಷ್ಟು ದುರ್ಬಲವಾಗಿರುವಲ್ಲಿ, ರೋಗಕ್ಕೆ ಕಾರಣವೇನು, ಅದನ್ನು ತಪ್ಪಿಸಬಹುದೆ ಎಂಬ ಪ್ರಶ್ನೆಗಳಿಗೆ ತೂಕ ಹೆಚ್ಚು. ಆ ಪ್ರಶ್ನೆಗಳಿಗೆ ತಪ್ಪು ಉತ್ತರ ಕೊಟ್ಟರೆ ಆಗುವ ಹಾನಿಯೂ ಅಷ್ಟೇ ಹೆಚ್ಚು.

ಕಾರಣವನ್ನು ಹುಡುಕುವ ಒಂದು ಕ್ರಮವೆಂದರೆ ರೋಗಿಗಳನ್ನೂ ಆ ರೋಗವಿಲ್ಲದವರನ್ನೂ ಎರಡು ವರ್ಗಗಳಾಗಿ ಮಾಡಿ, ಇಬ್ಬರ ಹಿಂದಿನ ಅಭ್ಯಾಸಗಳನ್ನೂ ವಿಚಾರಿಸಿ ಹೋಲಿಸುವುದು. ಇಂಗ್ಲೆಂಡಿನ ವೈದ್ಯೆ ಜಾನೆಟ್ ಲೇನ್-ಕ್ಲೇಪನ್ 1926ರಲ್ಲಿ ಸ್ತನದ ಕ್ಯಾನ್ಸರ್ ಇದ್ದ 500 ಮಂದಿಯನ್ನೂ ಇಲ್ಲದ 500 ಮಂದಿಯನ್ನೂ ಹೀಗೆ ಹೋಲಿಸಿ ಈ ಮಾರ್ಗವನ್ನು ತೋರಿಸಿದರು. 1950ರಲ್ಲಿ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ ಲಂಡನ್ನಿನ 20 ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನ 709 ರೋಗಿಗಳನ್ನು ಅಷ್ಟೇ ಸಂಖ್ಯೆಯ ಇತರ ರೋಗಿಗಳೊಡನೆ ಹೋಲಿಸಿದಾಗ ಸಿಗರೇಟಿನ ಅಪರಾಧ ಬಯಲಾಯಿತು. ಅವರ ಕೆಲಸದಲ್ಲಿ ನಮಗೆ ವಿಶೇಷವಾಗಿ ಮೆಚ್ಚುಗೆಯಾಗುವ ಅಂಶವೊಂದುಂಟು. ಸಂದರ್ಶನದ ಕಾಲಕ್ಕೆ ಶ್ವಾಸಕೋಶದ ಕ್ಯಾನ್ಸರ್ ಎಂದು ಭಾವಿಸಲ್ಪಟ್ಟು, ಅನಂತರ ಹಾಗಲ್ಲವೆಂದು ತಿಳಿದುಬಂದ ರೋಗಿಗಳನ್ನು ಅವರು ಪ್ರತ್ಯೇಕವಾಗಿ ಪರಿಶೀಲಿಸಿದರು. ಇವರ ಧೂಮಪಾನವು ಕ್ಯಾನ್ಸರ್ ಇಲ್ಲದವರ ಧೂಮಪಾನವನ್ನೇ ಹೋಲುತ್ತಿತ್ತು. ಪ್ರಶ್ನೆ ಕೇಳಿದವರ ಪೂರ್ವಗ್ರಹದಿಂದ ಹುಟ್ಟಿದ ವ್ಯತ್ಯಾಸ ಇದಲ್ಲವೆಂಬುದಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷ್ಯ ಬೇಕಿಲ್ಲ.

ಈ ಪರಂಪರೆಯಲ್ಲಿಯೇ ಬಂದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಬ್ರಯನ್ ಮ್ಯಾಕ್‌ಮಹೋನ್. ಪ್ರಥಮ ಪ್ರಸವದ ವಯಸ್ಸಿಗೂ ಸ್ತನದ ಕ್ಯಾನ್ಸರಿಗೂ ಇರುವ ಸಂಬಂಧವನ್ನು 1970ರಲ್ಲಿ ಹಲವು ದೇಶಗಳ ಸಾಮಗ್ರಿಯಿಂದ ಸ್ಥಾಪಿಸಿದ ವಿದ್ವಾಂಸರು ಇವರೇ. ಇವರೂ ಇವರ ನಾಲ್ವರು ಸಹೋದ್ಯೋಗಿಗಳೂ ಸೇರಿ 1981ರ ಮಾರ್ಚಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಮೇದೋಜೀರಕಾಂಗದ ಕ್ಯಾನ್ಸರಿನ 369 ರೋಗಿಗಳನ್ನೂ ತುಲನೆಗಾಗಿ 644 ಮಂದಿ ಇತರ ರೋಗಿಗಳನ್ನೂ ಅವರು ವಿಚಾರಿಸಿದ್ದರು. ತಂಬಾಕಿನೊಡನೆ ಕಂಡ ಸಂಬಂಧ ದುರ್ಬಲ. ಮದ್ಯದೊಡನೆಯೂ ಚಹಾದೊಡನೆಯೂ ಸಂಬಂಧವೇ ಇಲ್ಲ. ಆದರೆ ಕಾಫಿಯ ಲೆಕ್ಕವೇ ಬೇರೆ. ದಿನಕ್ಕೆ ಎರಡು ಬಟ್ಟಲಿನವರೆಗೆ ಕುಡಿಯುವವರಿಗೆ ಅಪಾಯ 1.8 ಪಟ್ಟು, ಮೂರು ಅಥವಾ ಹೆಚ್ಚು ಕುಡಿಯುವವರಿಗೆ 2.7 ಪಟ್ಟು. ಧೂಮಪಾನದ ಪ್ರಭಾವವನ್ನು ಲೆಕ್ಕದಿಂದ ಕಳೆದ ಮೇಲೂ ಅಂಕಿಗಳು ನಿಂತವು. ಈ ಸಂಬಂಧವು ನಿಜವಾಗಿ ಕಾರಣಕಾರ್ಯ ಸಂಬಂಧವೇ ಆಗಿದ್ದರೆ ಅಮೆರಿಕದಲ್ಲಿ ಈ ರೋಗದ ಗಣನೀಯ ಭಾಗಕ್ಕೆ ಕಾಫಿಯೇ ಹೊಣೆಯಾದೀತೆಂದು ಲೇಖಕರು ಬರೆದರು.

‘ಆಗಿದ್ದರೆ’ ಎಂಬ ಪದವನ್ನು ಲೇಖಕರು ಎಚ್ಚರಿಕೆಯಿಂದಲೇ ಬಳಸಿದ್ದರು. ವೃತ್ತಪತ್ರಿಕೆಗಳಲ್ಲಿ ಸುದ್ದಿ ಹರಡುವಾಗ ಉಳಿಯದೆ ಹೋದದ್ದು ಆ ಪದವೇ. ಕಾಫಿಯ ವ್ಯಾಪಾರಿಗಳು ಪ್ರತಿಭಟಿಸಿದರು, ಅದು ನಿರೀಕ್ಷಿತವೇ. ಭಾರತದ ಕಾಫಿಯ ಬಹುಪಾಲು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಎಂಬುದನ್ನು ನೆನೆದರೆ, ಇದು ನಮಗೂ ದೂರದ ಜಗಳವಾಗಿರಲಿಲ್ಲವೆಂಬುದು ಸ್ಪಷ್ಟ. ಆದರೆ ವ್ಯಾಪಾರಿಗಳ ಆಕ್ಷೇಪಕ್ಕಿಂತ ವಿದ್ವಾಂಸರ ಆಕ್ಷೇಪ ಗಟ್ಟಿಯಾದದ್ದು. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದ ಆಲ್ವನ್ ಫೈನ್‌ಸ್ಟೈನ್ ಮತ್ತು ಸಂಗಡಿಗರು ಅಮೆರಿಕನ್ ವೈದ್ಯಸಂಘದ ಪತ್ರಿಕೆಯಲ್ಲಿ ಈ ಪ್ರಬಂಧವನ್ನು ಕಟುವಾಗಿ ವಿಮರ್ಶಿಸಿದರು.

ವಿಮರ್ಶೆಯ ತಿರುಳು ರೋಗಿಗಳ ವಿಷಯದಲ್ಲಿರಲಿಲ್ಲ. ಅವರೊಡನೆ ಹೋಲಿಸಲ್ಪಟ್ಟವರ ವಿಷಯದಲ್ಲಿತ್ತು. ತುಲನೆಯ ವರ್ಗವನ್ನು ಆರಿಸಿದ್ದು ಕ್ಯಾನ್ಸರ್ ರೋಗಿಗಳನ್ನು ಆಸ್ಪತ್ರೆಗೆ ಸೇರಿಸಿದ ವೈದ್ಯರ ಇತರ ರೋಗಿಗಳಿಂದ. ಆ ವೈದ್ಯರಲ್ಲಿ ಅನೇಕರು ಜೀರ್ಣಾಂಗಗಳ ತಜ್ಞರು. ಅವರ ಬಳಿಗೆ ಬರುವವರಲ್ಲಿ ಹೊಟ್ಟೆಯ, ಕರುಳಿನ ತೊಂದರೆಯವರೇ ಹೆಚ್ಚು. ಹೊಟ್ಟೆ ಕೆಟ್ಟವನು ಕಾಫಿಯನ್ನು ಕಡಿಮೆ ಮಾಡುತ್ತಾನೆ. ಅವನು ಮಾಡದಿದ್ದರೆ ವೈದ್ಯರು ಮಾಡಿಸುತ್ತಾರೆ. ಇದು ಒಂದು ದೋಷ. ಇನ್ನೊಂದು ದೋಷವೂ ಉಂಟು: ತಂಬಾಕು, ಮದ್ಯಗಳಿಗೆ ಸಂಬಂಧಿಸಿದ ರೋಗಗಳುಳ್ಳವರನ್ನು ತುಲನೆಯ ವರ್ಗದಿಂದ ಹೊರಗಿಡಲಾಗಿತ್ತು. ಧೂಮಪಾನಿಗಳು ಸಾಮಾನ್ಯವಾಗಿ ಹೆಚ್ಚು ಕಾಫಿ ಕುಡಿಯುವವರಾದುದರಿಂದ, ಅವರೊಡನೆ ಕಾಫಿಯೂ ಹೊರಗುಳಿಯಿತು.

ಇದರ ಪರಿಣಾಮ ಎಷ್ಟೆಂಬುದನ್ನು ವಿದ್ಯಾರ್ಥಿಗಳು ಒಂದು ಕಲ್ಪಿತ ಲೆಕ್ಕದಿಂದ ಮನಗಾಣಬಹುದು. ಒಂದು ಊರಿನಲ್ಲಿ ನೂರಕ್ಕೆ 90 ಮಂದಿ ಕಾಫಿ ಕುಡಿಯುವವರೆಂದು ಇಟ್ಟುಕೊಳ್ಳೋಣ. ರೋಗಕ್ಕೂ ಕಾಫಿಗೂ ಸಂಬಂಧವೇ ಇಲ್ಲದಿದ್ದರೆ ರೋಗಿಗಳಲ್ಲಿಯೂ ನೂರಕ್ಕೆ 90 ಮಂದಿ ಕುಡಿಯುವವರೇ ಇರುತ್ತಾರೆ. ಅಂದರೆ ಕುಡಿಯದ ಒಬ್ಬನಿಗೆ ಕುಡಿಯುವವರು 9. ತುಲನೆಗೆ ತೆಗೆದುಕೊಂಡವರಲ್ಲಿ, ಹೊಟ್ಟೆಯ ಬೇನೆಯ ದೆಸೆಯಿಂದ, ನೂರಕ್ಕೆ 80 ಮಂದಿ ಮಾತ್ರ ಕುಡಿಯುವವರಾದರೆ, ಕುಡಿಯದ ಒಬ್ಬನಿಗೆ ಕುಡಿಯುವವರು 4. ಒಂಬತ್ತನ್ನು ನಾಲ್ಕರಿಂದ ಭಾಗಿಸಿದರೆ ಎರಡೂಕಾಲು. ನಿರಪರಾಧಿಯಾದ ಪಾನೀಯದ ತಲೆಯ ಮೇಲೆ ಎರಡೂಕಾಲು ಪಟ್ಟು ಅಪಾಯದ ಆರೋಪ ಬಂದು ಕೂರುತ್ತದೆ! ಹತ್ತೇ ಮಂದಿಯ ವ್ಯತ್ಯಾಸದಿಂದ ಇಷ್ಟಾಗುತ್ತದೆಂದು ಮೊದಲ ನೋಟಕ್ಕೆ ಯಾರಿಗೂ ತೋಚದು.

ಕಾಫಿಯೂ ತಂಬಾಕೂ ಒಂದರ ಹಿಂದೊಂದು ಬರುವುದರಿಂದ ಹುಟ್ಟುವ ತೊಡಕೂ ಸಣ್ಣದಲ್ಲ. ಮಾರ್ಮನ್ ಪಂಥದವರು ಕಾಫಿಯನ್ನು ತ್ಯಜಿಸುತ್ತಾರೆ. ಅವರಲ್ಲಿ ಕ್ಯಾನ್ಸರ್ ಕಡಿಮೆ. ಆದರೆ ಅವರು ತಂಬಾಕನ್ನೂ ಮದ್ಯವನ್ನೂ ತ್ಯಜಿಸುವುದರಿಂದ, ಆರೋಗ್ಯದ ಪುಣ್ಯ ಯಾವ ತ್ಯಾಗಕ್ಕೆ ಸೇರತಕ್ಕದ್ದೆಂದು ಇಷ್ಟರಿಂದಲೇ ಹೇಳಲಾಗದು. ಈ ಜೊತೆಗಾರಿಕೆಗೆ ದೇಹಧರ್ಮದ ಕಾರಣವೊಂದೂ ಉಂಟು. ತಂಬಾಕಿನ ಹೊಗೆಯಿಂದ ಯಕೃತ್ತು ಕೆಫೀನನ್ನು ಬೇಗ ವಿಭಜಿಸುತ್ತದೆ. ಹಾಗಾಗಿ ಧೂಮಪಾನಿಗೆ ಅದೇ ಉತ್ತೇಜನ ದೊರೆಯಬೇಕಾದರೆ ಇನ್ನೊಂದು ಬಟ್ಟಲು ಬೇಕಾಗುತ್ತದೆ.

ಮ್ಯಾಕ್‌ಮಹೋನರ ತಂಡವು ಹಟ ಹಿಡಿಯಲಿಲ್ಲ. ಹೊಸ ರೋಗಿಗಳಿಂದ ಹೊಸದಾಗಿ ಸಾಮಗ್ರಿಯನ್ನು ಕಲೆಹಾಕಿ 1986ರಲ್ಲಿ ಅದೇ ಪತ್ರಿಕೆಗೆ ಒಂದು ಪತ್ರವನ್ನು ಬರೆದರು. ಅದನ್ನು ಅವರೇ ‘ಎರಡನೆಯ ಅಧ್ಯಾಯ’ವೆಂದು ಕರೆದರು. ಕಾಫಿ ಹೆಚ್ಚಿದಂತೆ ಅಪಾಯ ಹೆಚ್ಚುವ ಕ್ರಮ ಈ ಸಲ ಕಾಣಲಿಲ್ಲ. ಮೊದಲ ಅಧ್ಯಾಯ ಪಡೆದ ಪ್ರಚಾರದ ಅಲ್ಪಾಂಶವೂ ಎರಡನೆಯದಕ್ಕೆ ದೊರೆಯಲಿಲ್ಲವೆಂಬುದು ಬೇರೆ ಮಾತು.

ಈ ಗದ್ದಲದಲ್ಲಿ ನಿಜವಾದ ಅಪರಾಧಿಯ ಕಡೆಗೆ ಜನರ ಲಕ್ಷ್ಯ ಹರಿಯದೆ ಹೋದದ್ದನ್ನು ನಾವು ಕಾಫಿಗೆ ಬಂದ ಅಪವಾದಕ್ಕಿಂತ ಹೆಚ್ಚಿನ ನಷ್ಟವೆಂದು ಎಣಿಸುತ್ತೇವೆ. ಧೂಮಪಾನವು ಈ ರೋಗಕ್ಕೆ ಸಹಾಯಕ ಕಾರಣವೆಂದು ಅಮೆರಿಕದ ಸರ್ಜನ್ ಜನರಲ್ಲರ ವರದಿ 1982ರಲ್ಲಿಯೇ ಹೇಳಿತ್ತು. ಲಿಯಾನ್ ನಗರದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 1986ರಲ್ಲಿ ಅದನ್ನು ಕಾರಣವೆಂದೇ ಅಂಗೀಕರಿಸಿತು. ಸರ್ಜನ್ ಜನರಲ್ಲರ 2004ರ ವರದಿಯೂ ಹಾಗೆಯೇ ನಿರ್ಣಯಿಸಿತು. ಧೂಮಪಾನಿಗೆ ಇರುವ ಅಪಾಯ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಅಭ್ಯಾಸವನ್ನು ಬಿಟ್ಟರೆ ಅದು ವರ್ಷಗಳು ಕಳೆದಂತೆ ಇಳಿಯುತ್ತ ಬರುತ್ತದೆ. 1981ರ ಪ್ರಬಂಧದಲ್ಲಿ ದುರ್ಬಲವೆಂದು ಬದಿಗೆ ಸರಿದ ಅಂಶವೇ ಹೀಗೆ ಕೊನೆಗೆ ನಿಂತಿತು. ಸ್ವಾರಸ್ಯದ ಸಂಗತಿಯೆಂದರೆ, ಆ ಪ್ರಬಂಧದ ಲೇಖಕರಲ್ಲಿ ಒಬ್ಬರಾದ ಟ್ರಿಕೋಪೌಲಸ್ ಅದೇ 1981ರಲ್ಲಿ, ಪತಿಯ ಸಿಗರೇಟಿನ ಹೊಗೆಯಿಂದ ಪತ್ನಿಗೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದೆಂಬುದನ್ನು ಗ್ರೀಸಿನ ಸಾಮಗ್ರಿಯಿಂದ ತೋರಿಸಿದ್ದರು. ಅದು ನಿಂತಿತು, ಕಾಫಿಯದು ಬಿದ್ದಿತು.

ಉಳಿದ ಅಭ್ಯಾಸಗಳ ಮಾತನ್ನು ಬೇಗ ಮುಗಿಸಬಹುದು. ಸ್ಥೂಲಕಾಯದಿಂದ ಅಪಾಯ ಹೆಚ್ಚುವುದೆಂಬುದು ಸಿದ್ಧವಾಗಿದೆ. ಅತಿಯಾದ ಮದ್ಯಪಾನವು ಮೇದೋಜೀರಕಾಂಗದಲ್ಲಿ ದೀರ್ಘಕಾಲದ ಉರಿಯೂತವನ್ನು ಹುಟ್ಟಿಸುತ್ತದೆ. ಇಂಥ ಉರಿಯೂತವುಳ್ಳ ಎರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕುರಿತು ಹಲವು ದೇಶಗಳ ವೈದ್ಯರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಪ್ಪತ್ತು ವರ್ಷಗಳಲ್ಲಿ ನೂರಕ್ಕೆ ಸುಮಾರು 4 ಮಂದಿಗೆ ಕ್ಯಾನ್ಸರ್ ಬರುವುದೆಂದು ಕಂಡಿತು. ಮಧುಮೇಹದ ವಿಷಯ ಮಾತ್ರ ಜಟಿಲ: ಅದು ಈ ಕ್ಯಾನ್ಸರಿಗೆ ಕಾರಣವೂ ಹೌದು, ಎಷ್ಟೋ ವೇಳೆ ಅದರ ಕಾರ್ಯವೂ ಹೌದು.

ನಮ್ಮ ನಾಡಿಗೆ ಹತ್ತಿರವಾದ ಪ್ರಶ್ನೆ ಹೊಗೆಯಿಲ್ಲದ ತಂಬಾಕಿನದು. ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಜಗಿಯುವುದರಿಂದ ಬಾಯಿಯ ಕ್ಯಾನ್ಸರ್ ಬರುವುದೆಂಬುದರಲ್ಲಿ ಸಂಶಯವಿಲ್ಲ. ಲಿಯಾನ್ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಹೊಗೆಯಿಲ್ಲದ ತಂಬಾಕು ಮೇದೋಜೀರಕಾಂಗದ ಕ್ಯಾನ್ಸರಿಗೂ ಕಾರಣವೆಂದು ಹೇಳಿದೆ. ಆದರೆ ಈ ಎರಡನೆಯ ನಿರ್ಣಯಕ್ಕೆ ಮುಖ್ಯವಾದ ಆಧಾರ ನಾರ್ವೆ, ಸ್ವೀಡನ್ ದೇಶಗಳಲ್ಲಿ ತುಟಿಯ ಕೆಳಗಿರಿಸುವ ತೇವದ ನಶ್ಯದ ಅಧ್ಯಯನಗಳು. ಸ್ವೀಡನ್ನಿನ ಒಂಬತ್ತು ಅಧ್ಯಯನಗಳಲ್ಲಿದ್ದ ನಾಲ್ಕು ಲಕ್ಷಕ್ಕೂ ಹೆಚ್ಚು ಗಂಡಸರ ಲೆಕ್ಕವನ್ನು ಒಟ್ಟುಗೂಡಿಸಿ 2017ರಲ್ಲಿ ನೋಡಿದಾಗ ಆ ಸಂಬಂಧ ಕಾಣಲಿಲ್ಲ. ಆ ನಶ್ಯವೇ ಬೇರೆ, ನಮ್ಮ ಹೊಗೆಸೊಪ್ಪೂ ಗುಟ್ಕಾವೂ ಬೇರೆ. ಅಲ್ಲಿಯ ಅಂಕಿಗಳಿಂದ ಇಲ್ಲಿಯ ಅಭ್ಯಾಸವನ್ನು ಖಂಡಿಸುವುದಾಗಲಿ ಖುಲಾಸೆ ಮಾಡುವುದಾಗಲಿ ಯುಕ್ತವಲ್ಲ. ಬೆಂಗಳೂರಿನ ಕ್ಯಾನ್ಸರ್ ನೋಂದಣಿ 1982ರ ಆರಂಭದಿಂದಲೂ ನಡೆದುಬಂದಿರುವುದರಿಂದ, ರೋಗಿಗಳನ್ನು ಗುರುತಿಸುವ ಕೆಲಸ ನಮ್ಮಲ್ಲಿ ಕಷ್ಟವಲ್ಲ. ಅವರೊಡನೆ ಯಾರನ್ನು ಹೋಲಿಸಬೇಕೆಂಬುದೇ ಕಷ್ಟ: ಜೀರ್ಣಾಂಗಗಳ ರೋಗಿಯನ್ನೆ, ಬಾಯಿಯ ಬೇನೆಯಿಂದ ಎಲೆಯಡಿಕೆಯನ್ನು ಬಿಟ್ಟವನನ್ನೆ, ಅಥವಾ ಅದೇ ಬೀದಿಯ ನೆರೆಯವನನ್ನೆ?

ಕಾಫಿಯ ಮೊಕದ್ದಮೆ ಮಾತ್ರ ಬಹುಮಟ್ಟಿಗೆ ಮುಗಿದಿದೆ. ಲಿಯಾನ್ ಸಂಸ್ಥೆ 1991ರಲ್ಲಿ ಅದನ್ನು ಪರಿಶೀಲಿಸಿದಾಗ, ಮೇದೋಜೀರಕಾಂಗದ ಮಟ್ಟಿಗೆ ಸಾಕ್ಷ್ಯ ಸಾಲದೆಂದಷ್ಟೇ ಹೇಳಿತ್ತು. 2016ರಲ್ಲಿ, ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ನೋಡಿದ ಮೇಲೆ, ಕಾಫಿಯಿಂದ ಈ ಕ್ಯಾನ್ಸರ್ ಬರುವುದಿಲ್ಲವೆಂಬ ಕಡೆಗೇ ಸಾಕ್ಷ್ಯ ವಾಲುತ್ತದೆಂದು ನಿರ್ಣಯಿಸಿತು. ಮ್ಯಾಕ್‌ಮಹೋನ್ ತೀರಿಕೊಂಡು ಆಗ ಎಂಟು ವರ್ಷಗಳು ಕಳೆದಿದ್ದವು. ಅದೇ ಸಭೆಯಲ್ಲಿ, 65 ಡಿಗ್ರಿ ಸೆಂಟಿಗ್ರೇಡಿಗಿಂತ ಬಿಸಿಯಾದ ಯಾವ ಪಾನೀಯವೇ ಆಗಲಿ, ಅನ್ನನಾಳದ ಕ್ಯಾನ್ಸರಿಗೆ ಪ್ರಾಯಶಃ ಕಾರಣವೆಂದು ತೀರ್ಮಾನವಾಯಿತು.