ಸೋಂಕು: ಮುಟ್ಟಿದ್ದು ಯಾರು?

ಬನವಾಸಿಯನ್ನು ನೆನೆಯುವ ಪದ್ಯದಲ್ಲಿ ತೆಂಕಣ ಗಾಳಿಗೆ ಪಂಪ ಬಳಸಿದ ಕ್ರಿಯಾಪದವೇ ಇವತ್ತು ಆಸ್ಪತ್ರೆಯ ಮಾತಾಗಿದೆ. 10ನೇ ಶತಮಾನದಲ್ಲಿ ‘ಸೋಂಕು’ ಎಂದರೆ ಮುಟ್ಟು, ತಾಗು, ಅಷ್ಟೇ. ಪರುಷ ಸೋಂಕಿದರೆ ಕಬ್ಬಿಣ ಹೊನ್ನಾಗುತ್ತಿತ್ತು. ಸೊನ್ನೆ ಕಳಚಿಕೊಂಡ ‘ಸೋಕು’ ಆ ಹಳೆಯ ಅರ್ಥವನ್ನೇ ಹಿಡಿದು ಕೂತಿದೆ: ಗಾಳಿ ಸೋಕುತ್ತದೆ, ಸೆರಗು ಸೋಕುತ್ತದೆ. ಸೊನ್ನೆ ಉಳಿಸಿಕೊಂಡದ್ದು ದೆವ್ವದ ಪಾಲಿಗೂ ರೋಗದ ಪಾಲಿಗೂ ಹೋಯಿತು. ತೆಲುಗಿನ ‘ಸೋಕು’ ಕೂಡ ಮುಟ್ಟುತ್ತದೆ, ದೆವ್ವವಾಗಿ ಮೆಟ್ಟಿಕೊಳ್ಳುತ್ತದೆ.

‘ಸೋಂಕು ತಗುಲಿತು’ ಎಂದರೆ ಮುಟ್ಟು ಮುಟ್ಟಿತು ಎಂದಂತೆ. ಯಾರೂ ತಲೆ ಕೆಡಿಸಿಕೊಂಡಿಲ್ಲ. 2020ರಲ್ಲಿ ಮನೆಮಾತಾದ ‘ಸೋಂಕಿತ’ಕ್ಕೆ ದೇಸಿ ತಲೆ, ಸಂಸ್ಕೃತದ ಬಾಲ. ನನ್ನ ತಕರಾರಿಲ್ಲ, ಪತ್ರಿಕೆಯ ತಲೆಬರಹಕ್ಕೆ ಗಿಡ್ಡ ಪದ ಬೇಕಿತ್ತು.

ಮಗುವಿಗೆ ಜ್ವರ ಬಂದರೆ ‘ಯಾವುದರ ಸೋಂಕೋ’ ಎಂದು ಅಂತ್ರ ಕಟ್ಟುವವರನ್ನು ಕೇಳುತ್ತಿದ್ದರು. ಇವತ್ತು ಪ್ರಯೋಗಾಲಯದಲ್ಲಿ ಜಿನೋಮ್ ಸೀಕ್ವೆನ್ಸಿಂಗ್, ಅಂದರೆ ವಂಶವಾಹಿಗಳನ್ನು ಓದುವ ತಂತ್ರ, ಕೇಳುವುದೂ ಅದನ್ನೇ. ಮಾಮೂಲಿ ಪರೀಕ್ಷೆಗೆ ಮೊದಲೇ ಒಂದು ಅನುಮಾನ ಬೇಕು: ಇದು ಕ್ಷಯವೇ, ಡೆಂಗಿಯೇ? ಸೀಕ್ವೆನ್ಸಿಂಗ್ ಹಾಗಲ್ಲ. ರೋಗಿಯ ಮಾದರಿಯಲ್ಲಿರುವ ವಂಶವಾಹಿ ತುಣುಕುಗಳನ್ನೆಲ್ಲ ಓದಿ, ಮನುಷ್ಯನವನ್ನು ಕಳೆದು, ಉಳಿದವು ಯಾರವು ಎಂದು ಹುಡುಕುತ್ತದೆ.

2014ರಲ್ಲಿ ವರದಿಯಾದ ಪ್ರಕರಣ ಇದಕ್ಕೆ ಹೆಸರುವಾಸಿ. ಅಮೆರಿಕದ 14 ವರ್ಷದ ಹುಡುಗ. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ತೀರಾ ಕಡಿಮೆ. ಜ್ವರ, ತಲೆನೋವು, ಮಿದುಳಿನ ಉರಿಯೂತ. ಮಿದುಳಿನ ಚೂರು ತೆಗೆದು ನೋಡಿದರೂ ಕಾರಣ ಸಿಗಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ತಂಡ ಅವನ ಬೆನ್ನುಹುರಿ ದ್ರವದಲ್ಲಿ ಓದಿದ 30,63,784 ತುಣುಕುಗಳಲ್ಲಿ 475 ಮಾತ್ರ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾದವು. ಪೆನ್ಸಿಲಿನ್ ಕೊಟ್ಟರು, ಹುಡುಗ ಚೇತರಿಸಿಕೊಂಡ.

ಲೆಪ್ಟೊಸ್ಪೈರಾ ಎಂದರೆ ನಮ್ಮ ಕರಾವಳಿಯವರಿಗೆ ಗೊತ್ತಿರುವ ಇಲಿಜ್ವರದ್ದೇ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ಸೋಕಿದರೆ ಸಾಕು. ಅದು ಸಾಮಾನ್ಯವಾಗಿ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ, ಹಾಗಾಗಿ ಇಲಿಜ್ವರ ಸೋಂಕು ಹೌದು, ಅಂಟುಜಾಡ್ಯ ಅಲ್ಲ. ಈ ಭೇದವನ್ನು ಎಷ್ಟೋ ಸುದ್ದಿಬರಹಗಳು ಮರೆಯುತ್ತವೆ.

ಸೀಕ್ವೆನ್ಸಿಂಗ್ ಯಂತ್ರಕ್ಕೂ ಒಂದು ಪೇಚಿದೆ. ರೋಗಿಯ ಚರ್ಮದ್ದು, ಪ್ರಯೋಗಾಲಯದ ರಾಸಾಯನಿಕಗಳದ್ದು, ಹೀಗೆ ಮಾದರಿಗೆ ಸುಮ್ಮನೆ ತಾಗಿಹೋದ ಬ್ಯಾಕ್ಟೀರಿಯಾಗಳನ್ನೂ ಅದು ಅಷ್ಟೇ ನಿಷ್ಠೆಯಿಂದ ಓದುತ್ತದೆ. ಅದಕ್ಕೇ ಬರೀ ಶುದ್ಧ ನೀರನ್ನೂ ಜೊತೆಗಿಟ್ಟು ಪರೀಕ್ಷಿಸುತ್ತಾರೆ. ಎರಡರಲ್ಲೂ ಕಂಡದ್ದನ್ನು ರೋಗಿಯ ಲೆಕ್ಕಕ್ಕೆ ಹಾಕುವ ಮುಂಚೆ ಎರಡು ಸಲ ಯೋಚಿಸುತ್ತಾರೆ.